ಉಣ್ಣೆಯಲ್ಲಿ ಎದ್ದ ಗೋಪುರ

ಮನೆಯಲ್ಲಿ ಭೂಪಟವಿದ್ದರೆ ಒಮ್ಮೆ ತೆಗೆದು ನೋಡಿ. ಬ್ರಿಟನ್ನಿನ ಮೇಲ್ಭಾಗದಲ್ಲಿ ಸ್ಕಾಟ್ಲೆಂಡ್ ಇದೆಯಲ್ಲ, ಅದರ ತುದಿಯನ್ನೂ ದಾಟಿ ಉತ್ತರಕ್ಕೆ ಬೆರಳು ಸರಿಸಿದರೆ ಸಮುದ್ರದ ನಡುವೆ ಅವಲಕ್ಕಿ ಚೆಲ್ಲಿದ ಹಾಗೆ ಒಂದಿಷ್ಟು ಚುಕ್ಕೆಗಳು ಸಿಗುತ್ತವೆ. ಅವೇ ಶೆಟ್ಲೆಂಡ್ ದ್ವೀಪಗಳು. ಕೆಲವು ಭೂಪಟಗಳಲ್ಲಿ ಜಾಗ ಸಾಲದೆ ಅವನ್ನು ಮೂಲೆಯಲ್ಲೊಂದು ಚೌಕದೊಳಗೆ ಕೂರಿಸಿಬಿಟ್ಟಿರುತ್ತಾರೆ. ಇಲ್ಲಿಯವರಿಗೆ ಆ ಚೌಕ ಕಂಡರೆ ಆಗುವುದಿಲ್ಲ! ಆ ದ್ವೀಪಗಳ ಮುಖ್ಯ ಊರು ಲೆರ್ವಿಕ್. ಏಳು ಸಾವಿರದಷ್ಟು ಜನ. ಅಬರ್ಡೀನ್ ಬಂದರಿನಿಂದ ಸಂಜೆ ಹಡಗು ಹತ್ತಿದರೆ ಬೆಳಗಾದ ಮೇಲೆ ಇಲ್ಲಿ ಇಳಿಯಬಹುದು. ಡಿಸೆಂಬರಿನಲ್ಲಿ ಸೂರ್ಯ ಒಂಬತ್ತು ಗಂಟೆ ದಾಟಿದ ಮೇಲೆ ಬರುತ್ತಾನೆ, ಮಧ್ಯಾಹ್ನ ಮೂರಕ್ಕೆಲ್ಲ ಹೊರಟುಹೋಗುತ್ತಾನೆ. ಜೂನ್ ತಿಂಗಳಲ್ಲಿ ಇದರ ತಿರುಗುಮುರುಗು. ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ.

ಧಾರವಾಡದ ಬಿಸಿಲಲ್ಲಿ ಬೆಳೆದ ನಾನು ಗಂಡನ ಆಸ್ಪತ್ರೆ ನೌಕರಿಯ ಹಿಂದೆ ಈ ಊರಿಗೆ ಬಂದೆ. ಈಗ ನನ್ನ ಕೆಲಸ ಹೆಣಿಗೆಯ ವಿನ್ಯಾಸ. ರಜೆಗೆ ಊರಿಗೆ ಹೋದಾಗ ಎಲ್ಲರದೂ ಒಂದೇ ಪ್ರಶ್ನೆ: “ಅಂದ್ರ ನೀ ಸ್ವೆಟರ್ ಮಾರತೀ ಏನು?” ನಾನು ಸ್ವೆಟರ್ ಮಾರುವುದಿಲ್ಲ. ಸ್ವೆಟರ್ ಹೆಣೆಯುವುದು ಹೇಗೆಂದು ಬರೆದು ಮಾರುತ್ತೇನೆ. ಅಡುಗೆ ಪುಸ್ತಕ ಬರೆಯುವವರು ಊಟ ಮಾರುವುದಿಲ್ಲವಲ್ಲ, ಹಾಗೆ. ಎಷ್ಟು ಕುಣಿಕೆ ಹಾಕಬೇಕು, ಯಾವ ಸಾಲಿನಲ್ಲಿ ಯಾವ ಬಣ್ಣ, ತೋಳು ಎಲ್ಲಿ ಶುರು, ಕೊರಳು ಎಲ್ಲಿ ಮುಗಿಯಬೇಕು, ಇದೆಲ್ಲ ಅದರಲ್ಲಿರುತ್ತದೆ. ಜೊತೆಗೆ ಚೌಕುಳಿ ಹಾಳೆಯ ಮೇಲೆ ಬರೆದ ಒಂದು ನಕ್ಷೆ. ಅದನ್ನು ಓದಿ ಯಾವುದೋ ದೇಶದ ಯಾರೋ, ನನ್ನ ಮುಖವನ್ನೇ ನೋಡದವರು, ತಮ್ಮ ಮೊಮ್ಮಗನಿಗೋ ಮಗಳಿಗೋ ಸ್ವೆಟರ್ ಹೆಣೆಯುತ್ತಾರೆ. ನಾನು ಒಂದು ಅಂಕಿ ತಪ್ಪಿದರೆ ಅವರ ಒಂದು ತಿಂಗಳು ಹಾಳು. ಆ ಕಥೆಗೆ ಆಮೇಲೆ ಬರುತ್ತೇನೆ.

ವಿಚಿತ್ರವೆಂದರೆ ಇಲ್ಲಿಗೆ ಬರುವವರೆಗೆ ನನಗೆ ಹೆಣಿಗೆ ಬರುತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ, ಮೂರು ಗಂಟೆಗೇ ಕತ್ತಲಾಗಿ ಅಳು ಬರುವಂತಾಗುತ್ತಿದ್ದ ದಿನಗಳಲ್ಲಿ, ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಕರೆದರು. ಕೈಗೆ ಚಹಾ ಕೊಡುವ ಮೊದಲೇ ಎರಡು ಕಡ್ಡಿ ಕೊಟ್ಟರು. ಇಲ್ಲಿಯವರು ಹೆಣಿಗೆಗೆ ‘ಮ್ಯಾಕಿನ್’ ಅನ್ನುತ್ತಾರೆ, ಕಡ್ಡಿಗೆ ‘ವೈರ್’. ಅವರ ಸೊಂಟದಲ್ಲಿ ಒಂದು ಚರ್ಮದ ಪಟ್ಟಿ. ಪಟ್ಟಿಯ ಮೇಲೆ ಕುದುರೆ ಕೂದಲು ತುಂಬಿದ ಪುಟ್ಟ ದಿಂಬು, ಅದರ ತುಂಬ ತೂತು. ಬಲಗೈ ಕಡ್ಡಿಯ ಹಿಂತುದಿಯನ್ನು ಆ ತೂತಿಗೆ ಸಿಕ್ಕಿಸಿಬಿಟ್ಟರೆ ಕಡ್ಡಿಯ ಭಾರ ಕೈ ಮೇಲೆ ಬೀಳುವುದಿಲ್ಲ, ಬೆರಳುಗಳು ಓಡುತ್ತವೆ. ಹಿಂದಿನ ಕಾಲದಲ್ಲಿ ಇಲ್ಲಿಯ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಒಲೆಗೆ ಬೇಕಾದ ಪೀಟ್ ಎಂಬ ಕೆಸರುಮಣ್ಣಿನ ಹೆಂಟೆ ಹೊತ್ತು ಗುಡ್ಡದಿಂದ ಇಳಿಯುತ್ತಲೇ ಹೆಣೆಯುತ್ತಿದ್ದರಂತೆ. ಹಾಗೆ ನಡೆಯುವವರ ಹಳೆಯ ಫೋಟೋಗಳಿವೆ.

ಅವರೇನೂ ಖುಷಿಗಾಗಿ ಹಾಗೆ ಹೆಣೆಯುತ್ತಿರಲಿಲ್ಲ. ಗಂಡಸರು ಮೀನು ಹಿಡಿಯಲು ಸಮುದ್ರಕ್ಕೆ ಹೋದರೆ ಮನೆ ನಡೆಯುತ್ತಿದ್ದುದು ಬಹುಮಟ್ಟಿಗೆ ಈ ಕಡ್ಡಿಗಳಿಂದ. ಅದರಲ್ಲೂ ಮೋಸ. ವ್ಯಾಪಾರಿಗಳು ಶಾಲಿಗೆ, ಕಾಲುಚೀಲಕ್ಕೆ ದುಡ್ಡು ಕೊಡದೆ ತಮ್ಮ ಅಂಗಡಿಯ ಚಹಾಪುಡಿ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ದೂರು ಎಷ್ಟು ಹೆಚ್ಚಿತೆಂದರೆ 1872ರಲ್ಲಿ ಸರ್ಕಾರವೇ ವಿಚಾರಣೆ ನಡೆಸಬೇಕಾಯಿತು. ಮದುವೆಯುಂಗುರದೊಳಗೆ ತೂರಿಸಬಹುದಾದಷ್ಟು ನವಿರಾದ ಶಾಲುಗಳನ್ನು ಉತ್ತರದ ಅನ್‌ಸ್ಟ್ ದ್ವೀಪದ ಹೆಂಗಸರು ಹೆಣೆಯುತ್ತಿದ್ದರು. ಅಂಥ ಶಾಲು ಕೊಟ್ಟು ಚಹಾಪುಡಿ ತರುವುದೆಂದರೆ ಹೇಗನ್ನಿಸಿರಬೇಕು, ಯೋಚಿಸಿ.

ನಮ್ಮ ಪಕ್ಕದ ಮನೆಯ ಅಜ್ಜಿ ನನಗೆ ಕಲಿಸಿದ್ದು ಫೇರ್ ಐಲ್ ಹೆಣಿಗೆ. ಫೇರ್ ಐಲ್ ಎಂಬುದು ಇಲ್ಲಿಂದ ದಕ್ಷಿಣಕ್ಕೆ, ನೂರು ಜನರೂ ಇಲ್ಲದ ಒಂದು ಒಂಟಿ ದ್ವೀಪ. ಅದರ ಹೆಸರು ಮಾತ್ರ ಜಗತ್ತಿಗೇ ಗೊತ್ತು. 1922ರಲ್ಲಿ ಬ್ರಿಟನ್ನಿನ ಯುವರಾಜ ಗಾಲ್ಫ್ ಮೈದಾನಕ್ಕೆ ಇಲ್ಲಿಯ ಬಣ್ಣದ ಸ್ವೆಟರ್ ಹಾಕಿಕೊಂಡು ಬಂದ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಹತ್ತಾರು ಬಣ್ಣ ಕಂಡರೂ ಆ ಹೆಣಿಗೆಯ ನಿಯಮ ಸರಳ: ಒಂದು ಸಾಲಿನಲ್ಲಿ ಎರಡೇ ಬಣ್ಣ. ಒಂದು ಬಣ್ಣದಿಂದ ಹೆಣೆಯುವಾಗ ಇನ್ನೊಂದು ಬಣ್ಣದ ನೂಲು ಹಿಂದೆ ತೇಲುತ್ತ ಸಾಗುತ್ತದೆ. ಆ ತೇಲು ನೂಲು ಐದು ಕುಣಿಕೆಗಿಂತ ಉದ್ದವಾಗಬಾರದು ಎಂದು ನನ್ನ ಗುರುಗಳು ಹೇಳಿಕೊಟ್ಟರು. ಉದ್ದವಾದರೆ ಸ್ವೆಟರ್ ತೊಡುವಾಗ ಬೆರಳು, ಉಂಗುರ ಸಿಕ್ಕಿಕೊಳ್ಳುತ್ತವೆ.

ನಾನು ಬೇಗ ಕಲಿತೆ. ಅವರಿಗೆ ಆಶ್ಚರ್ಯ. “ಮೊದಲೇ ಎಲ್ಲೋ ಕಲಿತಿದ್ದೀಯ” ಎಂದರು. ಕಲಿತಿದ್ದೆ, ಆದರೆ ಹೆಣಿಗೆಯನ್ನಲ್ಲ, ಎಣಿಕೆಯನ್ನು.

ಧಾರವಾಡದಲ್ಲಿ ನಮ್ಮ ಅಜ್ಜಿ ಕಸೂತಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು. ಕಸೂತಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸು ಬಂದು ಬಿಟ್ಟ ಜಾಗ ತುಂಬಬೇಕು. ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ತಾರ. ನಾನು ಎಂಟು ವರ್ಷದವಳಿದ್ದಾಗ ಅಜ್ಜಿಯ ಪಕ್ಕ ಕೂತು ಒಂದು ಕರವಸ್ತ್ರದ ಮೇಲೆ ಗೋಪುರ ಹಾಕಿದ್ದೆ. ಒಂದು ಕಡೆ ವಾಲಿತ್ತು. “ಎಣಿಸಿ ಹಾಕಬೇಕು ತಂಗಿ, ಕಣ್ಣಂದಾಜು ನಡ್ಯೂದಿಲ್ಲ” ಅಂದು ಪೂರ್ತಿ ಬಿಚ್ಚಿಸಿದ್ದಳು. ಆವತ್ತು ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ರಾತ್ರಿ ಊಟಕ್ಕೇ ಏಳಲಿಲ್ಲ.

ಫೇರ್ ಐಲ್ ಕೈಗೆ ಹತ್ತಿದ ಮೇಲೆ ನನಗೊಂದು ಹುಚ್ಚು ಹತ್ತಿತು. ಅಜ್ಜಿಯ ಗೋಪುರವನ್ನು ಉಣ್ಣೆಯಲ್ಲಿ ಏಕೆ ಎಬ್ಬಿಸಬಾರದು? ಎರಡೂ ಎಣಿಕೆಯ ಕಲೆಯೇ ತಾನೆ. ಆಕೆಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗುತ್ತಿತ್ತು. ಸೂಜಿ ಕೆಳಗಿಟ್ಟು ಎರಡು ವರ್ಷವಾಗಿತ್ತು. ಮಾಡುವುದಿದ್ದರೆ ಆಕೆಗೆ ಕಾಣಿಸುವಾಗಲೇ ಮಾಡಬೇಕಿತ್ತು.

ಸುಲಭ ಅಂದುಕೊಂಡಿದ್ದೆ. ಚೌಕುಳಿ ಹಾಳೆಯ ಮೇಲೆ ಅಗಲ 13 ಮನೆ, ಎತ್ತರ 13 ಮನೆ ಗೋಪುರ ಬರೆದು ಹೆಣೆದೆ. ಗೋಪುರ ಕುಸಿದು ಕೂತಿತ್ತು! ಯಾರೋ ಅದರ ತಲೆ ಮೇಲೆ ಕುಳಿತ ಹಾಗೆ. ಕಾರಣ ಇಷ್ಟೇ: ಹಾಳೆಯ ಮನೆ ಚೌಕ, ಹೆಣಿಗೆಯ ಕುಣಿಕೆ ಚೌಕವಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ನನ್ನ ಕೈಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 28 ಕುಣಿಕೆ ಬರುತ್ತವೆ. ಅದೇ 10 ಸೆಂಟಿಮೀಟರ್ ಎತ್ತರಕ್ಕೆ 32 ಸಾಲು ಬೇಕು. ಶಾಲೆಗೆ ಹೋಗುವವರು ಲೆಕ್ಕ ಮಾಡಿ ನೋಡಿ. 13 ಕುಣಿಕೆ ಎಂದರೆ ಸುಮಾರು 4.6 ಸೆಂಟಿಮೀಟರ್ ಅಗಲ. 13 ಸಾಲು ಎಂದರೆ ಸುಮಾರು 4.1 ಮಾತ್ರ. ಎತ್ತರವೂ 4.6ರ ಹತ್ತಿರ ಬರಬೇಕಾದರೆ ಎಷ್ಟು ಸಾಲು ಬೇಕು? 15. ಈ 15 ಎಂಬ ಉತ್ತರ ನನಗೆ ಸಿಗುವ ಹೊತ್ತಿಗೆ ಆರು ತುಂಡು ಹೆಣೆದು ಬಿಚ್ಚಿದ್ದೆ. ಮೊದಲೇ ಪಟ್ಟಿ ಹಿಡಿದು ಅಳೆದಿದ್ದರೆ ಒಂದೇ ಸಾಕಿತ್ತು. ಅಳೆಯುವುದಕ್ಕೆ ನನಗೆ ಆಗಲೂ ಸೋಮಾರಿತನ, ಈಗಲೂ ಸೋಮಾರಿತನ.

ಆಮೇಲೆ ಇನ್ನೊಂದು ತೊಡಕು. ಕಸೂತಿಯಲ್ಲಿ ಗೋಪುರ ಬರೀ ಗೆರೆ. ಹೆಣಿಗೆಯಲ್ಲಿ ಅಷ್ಟು ತೆಳ್ಳನೆಯ ಗೆರೆ ಸಾಧ್ಯವಿಲ್ಲ, ಬಣ್ಣ ತುಂಬಬೇಕು. ಆದರೆ ಬುಡದಲ್ಲಿ 13 ಕುಣಿಕೆ ಉದ್ದಕ್ಕೂ ಕೆಂಪು ತುಂಬಿದರೆ ಬೂದು ಬಣ್ಣದ ನೂಲು ಹಿಂದೆ 13 ಕುಣಿಕೆ ತೇಲಬೇಕಾಗುತ್ತದೆ. ಐದರ ನಿಯಮ ನೆನಪಿದೆಯಲ್ಲ? ಅದಕ್ಕೇ ಗೋಪುರಕ್ಕೆ ನಡುವೆ ಬಾಗಿಲು ತೆರೆದೆ, ಅಕ್ಕಪಕ್ಕ ಕಿಟಕಿ ಇಟ್ಟೆ. ಚೆಂದಕ್ಕೆ ಇಟ್ಟದ್ದೆಂದು ನೋಡಿದವರು ಹೊಗಳುತ್ತಾರೆ. ನಾನು ಇಟ್ಟದ್ದು ಬೂದು ನೂಲು ಮುಂದೆ ಬಂದು ಉಸಿರಾಡಲಿ ಎಂದು!

ತುದಿಯಲ್ಲಿ ಉಲ್ಟಾ ಸಮಸ್ಯೆ. ಮೇಲೆ ಹೋದಂತೆ ಗೋಪುರ ಕಿರಿದಾಗಿ ಐದೇ ಕುಣಿಕೆ ಉಳಿಯುತ್ತದೆ. ಎರಡು ಗೋಪುರಗಳ ನಡುವೆ 9 ಕುಣಿಕೆ ಖಾಲಿ. ಅಲ್ಲೊಂದು ಕೆಂಪು ಚುಕ್ಕಿ ಇಟ್ಟೆ, ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಸರಿಹೋಯಿತು. ಆದರೆ ಅದರ ಮೇಲೆ ಒಂದೇ ಕುಣಿಕೆಯ ಕಳಸ ಇಡಲು ಹೋದರೆ ಕಳಸ ಕಳಸಗಳ ನಡುವೆ 13 ಖಾಲಿ. ಒಂದು ಚುಕ್ಕಿ ಸಾಲದು. ಚುಕ್ಕಿ ಹೆಚ್ಚಿಸಿದರೆ ಚುಕ್ಕಿ ಯಾವುದು ಕಳಸ ಯಾವುದು ಗೊತ್ತಾಗುತ್ತಿರಲಿಲ್ಲ. ಮೂರು ದಿನ ಗುದ್ದಾಡಿ ಕಳಸ ಬಿಟ್ಟೆ. ಯಾರಿಗೆ ಗೊತ್ತಾಗುತ್ತದೆ, ಎಂದುಕೊಂಡೆ.

ಒಂದು ಗೋಪುರಕ್ಕೆ 13 ಕುಣಿಕೆ, ನಡುವೆ ಒಂದು ಖಾಲಿ, ಒಟ್ಟು 14. ಅಂದರೆ ಸರಿಯಾಗಿ 5 ಸೆಂಟಿಮೀಟರ್. ಇದರಿಂದ ಒಂದು ದೊಡ್ಡ ಲಾಭವಾಯಿತು. ಸ್ವೆಟರಿನ ಅಳತೆ ಐದೈದು ಸೆಂಟಿಮೀಟರ್ ಹೆಚ್ಚಿಸಬೇಕೆಂದರೆ ಒಂದೊಂದು ಗೋಪುರ ಸೇರಿಸಿದರಾಯಿತು. ಎದೆಯ ಸುತ್ತಳತೆ 100 ಇದ್ದವರಿಗೆ 20 ಗೋಪುರ, 280 ಕುಣಿಕೆ. ಅದೇ ಸ್ವೆಟರಿನ ಮೈ 65 ಸೆಂಟಿಮೀಟರ್ ಉದ್ದವಿದ್ದರೆ 208 ಸಾಲು. ತೋಳು ಬಿಟ್ಟು ಮೈಗೆ ಮಾತ್ರ ಎಷ್ಟು ಕುಣಿಕೆಯಾಯಿತು? ಗುಣಿಸಿ ನೋಡಿ: 58,240. ಅಂಗಡಿಯಲ್ಲಿ ಕೈಹೆಣಿಗೆಯ ಸ್ವೆಟರಿನ ಬೆಲೆ ಕೇಳಿ ಹುಬ್ಬೇರಿಸುವವರಿಗೆ ನಾನು ಈ ಸಂಖ್ಯೆ ಹೇಳುತ್ತೇನೆ.

ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಶೆಟ್ಲೆಂಡಿನ ಪುಟ್ಟ ಕುರಿಗಳು ಹುಟ್ಟುತ್ತಲೇ ಬಗೆಬಗೆಯ ಬಣ್ಣದವು. ಬಿಳಿ, ಕಪ್ಪು, ಮೂರಿಟ್ ಎಂಬ ಕೆಂಗಂದು, ಶೇಲಾ ಎಂಬ ಗಾಢ ಬೂದು. ನಮ್ಮ ಓಣಿಯಲ್ಲೊಬ್ಬಳು ಶೀಲಾ ಇದ್ದಳು, ಹಾಗಾಗಿ ಆ ಹೆಸರು ಕೇಳಿದ್ದೇ ಶೇಲಾ ನೂಲನ್ನೇ ಹಿಡಿದೆ. ಗೋಪುರಕ್ಕೆ ಇಳಕಲ್ ಸೆರಗಿನ ಕೆಂಪು.

ಈಗ ಆ ಅಂಕಿ ತಪ್ಪಿದ ಕಥೆ. ಗೋಪುರಕ್ಕೂ ಮೊದಲು ನಾನು ಪ್ರಕಟಿಸಿದ ಮೊಟ್ಟಮೊದಲ ವಿನ್ಯಾಸ ಒಂದು ಮಕ್ಕಳ ಸ್ವೆಟರ್. ತೋಳಿನ ತುದಿಗೆ 48 ಕುಣಿಕೆ ಎಂದು ಬರೆಯುವ ಬದಲು 84 ಎಂದು ಬರೆದಿದ್ದೆ. ಕೆನಡಾದಿಂದ ಒಬ್ಬ ಅಜ್ಜಿ ಪತ್ರ ಬರೆದರು. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಹೆಣೆದರಂತೆ, ಮುಂಗೈ ಜಾಗದಲ್ಲಿ ಆನೆಯ ಕಾಲು ಹೋಗುವಷ್ಟು ತೋಳು ಬಂತಂತೆ. ತಪ್ಪು ತಮ್ಮದೇ ಇರಬೇಕೆಂದು ಎರಡು ಸಲ ಬಿಚ್ಚಿ ಹೆಣೆದಿದ್ದರು. ಹುಟ್ಟುಹಬ್ಬ ಮುಗಿದೇಹೋಗಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕ್ಷಮೆ ಕೇಳಿ, ಅದೇ ಬಣ್ಣದ ನೂಲು ಅಂಚೆಯಲ್ಲಿ ಕಳಿಸಿದೆ. ಆ ಮೇಲೆ ಯಾವ ವಿನ್ಯಾಸವನ್ನೂ ಹಾಗೇ ಹೊರಬಿಟ್ಟಿಲ್ಲ. ಏಳೆಂಟು ಜನ ಬೇರೆಬೇರೆ ಅಳತೆಯಲ್ಲಿ ಹೆಣೆದು ನೋಡುತ್ತಾರೆ, ಮತ್ತೊಬ್ಬರು ಅಂಕಿಗಳನ್ನಷ್ಟೇ ಕೂತು ಪರಿಶೀಲಿಸುತ್ತಾರೆ. ಈಗ ಹೀಗೆ ಪರೀಕ್ಷೆಗೆ ಹೆಣೆಯುವವರಲ್ಲಿ ಆ ಕೆನಡಾದ ಅಜ್ಜಿಯೂ ಒಬ್ಬರು. ಅವರ ಕಣ್ಣಿಗೆ ಬೀಳದ ತಪ್ಪಿಲ್ಲ.

ಗೋಪುರದ ಸ್ವೆಟರ್ ಮುಗಿಯಲು ಐದು ತಿಂಗಳು ಹಿಡಿಯಿತು. ಮುಗಿದಾಗ ಅದು ಸ್ವೆಟರಿನಂತೆ ಇರಲಿಲ್ಲ, ಉಣ್ಣೆಯ ಪೀಪಾಯಿಯ ಹಾಗಿತ್ತು. ಇಲ್ಲಿ ಹಾಗೇ ಮಾಡುತ್ತಾರೆ. ಸುತ್ತ ಸುತ್ತ ಕೊಳವೆಯಂತೆ ಹೆಣೆದು, ಕೊನೆಗೆ ತೋಳು ಬರಬೇಕಾದ ಕಡೆ, ಮುಂದೆ ಗುಂಡಿ ಬರಬೇಕಾದ ಕಡೆ ಕತ್ತರಿ ಹಾಕುತ್ತಾರೆ. ಹೌದು, ಹೆಣೆದದ್ದಕ್ಕೆ ಕತ್ತರಿ! ಅದಕ್ಕೆಂದೇ ಆ ಜಾಗದಲ್ಲಿ ಕೆಲವು ಹೆಚ್ಚಿನ ಕುಣಿಕೆ ಹಾಕಿರುತ್ತಾರೆ. ಶೆಟ್ಲೆಂಡಿನ ಉಣ್ಣೆಯ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವದವು. ಕತ್ತರಿಸಿದರೂ ಬಿಚ್ಚಿಕೊಂಡು ಓಡುವುದಿಲ್ಲ. (ಮಕ್ಕಳೇ, ಅಮ್ಮನ ಸ್ವೆಟರಿನ ಮೇಲೆ ಇದನ್ನು ಪ್ರಯೋಗಿಸಬೇಡಿ. ಹತ್ತಿಯದೋ ನುಣುಪಾದ ನೂಲಿನದೋ ಆದರೆ ಕ್ಷಣದಲ್ಲಿ ಬಿಚ್ಚಿಹೋಗುತ್ತದೆ. ಆಮೇಲೆ ನನ್ನ ಹೆಸರು ಹೇಳಬೇಡಿ!) ಇದೆಲ್ಲ ಗೊತ್ತಿದ್ದೂ ನನಗೆ ಕತ್ತರಿ ಆಡಿಸಲಾಗಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕರೆದೆ. ಅವರು ಬಂದು ನನ್ನ ಪಕ್ಕ ಕೂತರು, ಕತ್ತರಿಯನ್ನು ಮಾತ್ರ ಮುಟ್ಟಲಿಲ್ಲ. “ಕತ್ತರಿಸು, ಚಹಾ ಆರುತ್ತಿದೆ” ಎಂದರು. ಕತ್ತರಿಸಿದೆ. ಒಂದು ಎಳೆಯೂ ಜಾರಲಿಲ್ಲ.

ಸ್ವೆಟರನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿ ಅವರು, “ಇದು ಫೇರ್ ಐಲ್ ಅಲ್ಲ” ಎಂದರು. ನನಗೆ ಎದೆ ಧಸಕ್ಕೆಂದಿತು. “ಹೆಣಿಗೆ ನಮ್ಮದು, ಚಿತ್ರ ನಿಮ್ಮದು. ಹಾಗೆಂದೇ ಬರೆ” ಎಂದರು. ಹಾಗೆಂದೇ ಬರೆದೆ. ಆ ವಿನ್ಯಾಸದ ಮೊದಲ ಪುಟ ಪೂರ್ತಿ ಧಾರವಾಡದ ಕಸೂತಿಯ ವಿಷಯ. ಗೋಪುರ ಯಾರೊಬ್ಬರದೂ ಅಲ್ಲ, ಎಷ್ಟೋ ತಲೆಮಾರಿನ ಹೆಂಗಸರು ಎಣಿಸಿಕೊಂಡು ಬಂದದ್ದು. ನನ್ನದೆಂದು ಹೇಳಿಕೊಳ್ಳಬಹುದಾದದ್ದು ಆ 13 ಮತ್ತು 15, ಎರಡು ಕಿಟಕಿ, ಒಂದು ಚುಕ್ಕಿ.

ಈ ದ್ವೀಪಗಳಲ್ಲೂ ಎಣಿಕೆ ಕೈಯಿಂದ ಕೈಗೆ ದಾಟುವುದು ತಪ್ಪಿಹೋಗುವ ಭಯ ಇದ್ದೇ ಇದೆ. ಶಾಲೆಗಳಲ್ಲಿ ಹೆಣಿಗೆಯ ಪಾಠ 2010ರಲ್ಲಿ ನಿಂತುಹೋಯಿತು. ಈಗ ‘ಶೆಟ್ಲೆಂಡ್ ಪೀರಿ ಮ್ಯಾಕರ್ಸ್’ ಹೆಸರಿನಲ್ಲಿ ಸ್ವಯಂಸೇವಕರು ಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ಪೀರಿ ಎಂದರೆ ಇಲ್ಲಿಯ ಮಾತಿನಲ್ಲಿ ಪುಟ್ಟದು. ಸೊಂಟಕ್ಕೆ ಪುಟ್ಟ ಪಟ್ಟಿ ಕಟ್ಟಿಕೊಂಡು, ನಾಲಿಗೆ ತುದಿ ಹೊರಗೆ ಚಾಚಿ, ಎಣಿಸುತ್ತ ಕೂರುವ ಮಕ್ಕಳನ್ನು ನೋಡಿದರೆ ನನಗೆ ಧಾರವಾಡದ ಆ ಕರವಸ್ತ್ರ ನೆನಪಾಗುತ್ತದೆ.

ಹೋದ ದೀಪಾವಳಿಗೆ ಸ್ವೆಟರ್ ಹಿಡಿದುಕೊಂಡು ಧಾರವಾಡಕ್ಕೆ ಹೋದೆ. ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಅಷ್ಟಕ್ಕಷ್ಟೆ. ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ತೊಡೆಯ ಮೇಲೆ ಸ್ವೆಟರ್ ಹರವಿದೆ. ಕಣ್ಣಿನ ಹತ್ತಿರ ಹಿಡಿದಳು, ಸಾಲದಾಯಿತು. ಬೆರಳು ಆಡಿಸಿದಳು. ಬುಡದಿಂದ ಮೇಲಕ್ಕೆ, ಒಂದೊಂದೇ ಸಾಲು, ತುಟಿ ಅಲ್ಲಾಡುತ್ತಿತ್ತು. ಬಾಗಿಲು ಸಿಕ್ಕಿತು, ಕಿಟಕಿ ಸಿಕ್ಕಿತು. ತುದಿಗೆ ಬಂದ ಬೆರಳು ನಿಂತಿತು.

“ಕಳಸ ಎಲ್ಲೈತಿ?”

ನಾನು ತೇಲು ನೂಲಿನ ಕಥೆ ಶುರುಮಾಡಿದೆ. ಐದರ ನಿಯಮ, 13 ಖಾಲಿ ಮನೆ, ಎಲ್ಲ ಹೇಳಿದೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ, ಸ್ವೆಟರನ್ನು ತಿರುವಿಹಾಕಿದಳು. ಹಿಂಬದಿಯ ತೇಲುಗಳಲ್ಲಿ ಬೆರಳು ಸಿಕ್ಕಿಕೊಂಡಿತು.

“ಹಿಂದ ಇದೇನ ಹಿಂಗೈತಿ?”

“ಅದು ಒಳಗಿನ ಬಾಜು ಅಜ್ಜಿ. ಯಾರೂ ನೋಡೂದಿಲ್ಲ.”

“ಹಾಕ್ಕೊಳ್ಳಾಕಿ ನೋಡೂದಿಲ್ಲೇನು?”

ಅಪ್ಪ ನಕ್ಕುಬಿಟ್ಟರು. ಆಕೆ ನಗಲಿಲ್ಲ. ಬಹಳ ಹೊತ್ತಿನ ಮೇಲೆ, “ಬೆಚ್ಚಗೈತಿ” ಎಂದು ಹೇಳಿ, ಆ ಧಾರವಾಡದ ಬಿಸಿಲಲ್ಲೂ ಸ್ವೆಟರನ್ನು ಮೈಮೇಲೆ ಹೊದ್ದುಕೊಂಡು ಕೂತಳು. ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಲೆರ್ವಿಕ್‌ಗೆ ಮರಳಿದ ಮೇಲೆ ಒಂದು ಹೊಸ ಕೆಲಸ ಹಿಡಿದಿದ್ದೇನೆ. ಜೋಡಿ ಹೆಣಿಗೆ ಎಂದು ಒಂದು ವಿಧಾನವಿದೆ. ಒಂದೇ ಕಡ್ಡಿಯ ಮೇಲೆ ಎರಡು ಪದರ ಒಟ್ಟಿಗೆ ಬೆಳೆಯುತ್ತವೆ, ಪ್ರತಿ ಮನೆಗೂ ಎರಡು ಕುಣಿಕೆ, ಎರಡೂ ಬಣ್ಣ. ಈ ಕಡೆ ಬೂದಿನ ಮೇಲೆ ಕೆಂಪು ಗೋಪುರ, ಆ ಕಡೆ ಕೆಂಪಿನ ಮೇಲೆ ಬೂದು ಗೋಪುರ. ತೇಲು ನೂಲೇ ಇಲ್ಲ, ಹಾಗಾಗಿ ಐದರ ನಿಯಮವೂ ಇಲ್ಲ. ಆನೆಯನ್ನು ಹೆಣೆದರೆ ಹಿಂದುಗಡೆ ಅದು ಉಲ್ಟಾ ದಿಕ್ಕಿಗೆ ಮುಖ ಮಾಡುತ್ತದೆ. ಕಸೂತಿಯಲ್ಲೂ ಹಾಗೇ ಅಲ್ಲವೇ? ಕೆಲಸ ಮಾತ್ರ ದುಪ್ಪಟ್ಟು. ಸ್ವೆಟರಿಗೆ ದಪ್ಪವಾದೀತೆಂದು ಒಂದು ಮಫ್ಲರ್ ಸಾಕೆಂದುಕೊಂಡಿದ್ದೇನೆ.

ಈ ಸಲ ಗೋಪುರಕ್ಕೆ 19 ಸಾಲು. ಕಳಸಕ್ಕೇ ನಾಲ್ಕು. ನಿನ್ನೆ ರಾತ್ರಿ 11ನೆಯ ಸಾಲು ಮುಗಿಯಿತು, ಯುಗಾದಿಗೆ ಊರಿಗೆ ಹೊರಡಬೇಕು.